ಪ್ರಮಾಣಪತ್ರವೂ ಕೆಲಸವೂ

ಪದವಿ ಪರೀಕ್ಷೆ ಮುಗಿಯುವ ಮೊದಲೇ ನಮ್ಮಲ್ಲನೇಕರಿಗೆ ಇನ್ನೊಂದು ಪರೀಕ್ಷೆಯ ಚಿಂತೆ ಹತ್ತಿದೆ. ಬಿ.ಎ. ಓದಿದವನಿಗೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಸ್ಥಾನ ದೊರಕೀತು, ಆದರೆ ಕೈಯಲ್ಲೊಂದು ಸರ್ಟಿಫಿಕೇಟ್ ಇರಬೇಕು ಎಂಬ ಮಾತು ಆವನಿಯಿಂದ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿಯೂ ಕೇಳಿಬರುತ್ತದೆ. ಇದರಲ್ಲಿ ಸತ್ಯವೆಷ್ಟೆಂದು ವಿಚಾರಮಾಡುವುದು ಅವಶ್ಯ. ಏಕೆಂದರೆ ಅದಕ್ಕೆ ತೆರುವ ಹಣ ಅನೇಕ ಮನೆಗಳಲ್ಲಿ ಟೊಮೆಟೊ ಬೆಳೆಯಿಂದಲೋ ಹಾಲಿನ ಡೈರಿಯಿಂದಲೋ ಬರತಕ್ಕದ್ದು.

ನಮ್ಮ ಹಿರಿಯರು ಪ್ರಮಾಣಪತ್ರವನ್ನು ನಂಬುವುದಕ್ಕೆ ಕಾರಣವಿದೆ. ಅವರು ಕಂಡದ್ದು ಸರ್ಕಾರಿ ಕಚೇರಿ. ಟೈಪಿಂಗ್ ಪರೀಕ್ಷೆ ಪಾಸಾದವನು ಬೆರಳಚ್ಚುಗಾರನ ಹುದ್ದೆಗೆ ಅರ್ಜಿ ಹಾಕಬಹುದಾಗಿತ್ತು, ಆಗದವನು ಹಾಕುವಂತಿರಲಿಲ್ಲ. ೨೦೧೨ರ ನಿಯಮಗಳಂತೆ ರಾಜ್ಯದ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬಂದಾಗಲೂ ಅಷ್ಟೆ. ಅಲ್ಲಿ ಕಾಗದಕ್ಕೆ ಕಾನೂನಿನ ಬಲವುಂಟು. ಖಾಸಗಿ ಕಂಪನಿಯನ್ನು ಅಂಥ ನಿಯಮವಾವುದೂ ಕಟ್ಟಿಹಾಕಿಲ್ಲ. ಅದು ಕಾಗದವನ್ನು ನೋಡಬಹುದು, ನೋಡದೆಯೂ ಬಿಡಬಹುದು. ದೊಡ್ಡ ಬೋರ್ಡು ಹಾಕಿದ ತರಬೇತಿ ಕೇಂದ್ರಗಳು ಈ ಭೇದವನ್ನು ಹೇಳುವ ಗೋಜಿಗೆ ಹೋಗುವುದಿಲ್ಲ.

ಹಾಗೆಂದ ಮಾತ್ರಕ್ಕೆ ಪ್ರಮಾಣಪತ್ರ ನಿಷ್ಪ್ರಯೋಜಕವೆನ್ನುವವರ ವಾದವನ್ನು ನಾನು ಒಪ್ಪಲಾರೆ. ಹೆಸರಾಂತ ಇಂಜಿನಿಯರಿಂಗ್ ಕಾಲೇಜಿನವನಿಗೆ ಕಾಲೇಜಿನ ಹೆಸರೇ ಪರಿಚಯಪತ್ರ. ಕಂಪನಿಯವರು ಅವನಿದ್ದಲ್ಲಿಗೇ ಬರುತ್ತಾರೆ. ಸರ್ಕಾರಿ ಕಲಾ ಕಾಲೇಜಿನ ವಿದ್ಯಾರ್ಥಿಯ ಪರವಾಗಿ ಮಾತನಾಡುವವರು ಯಾರು? ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಎಂದಿರುವ ಅರ್ಜಿಯನ್ನು ಪಕ್ಕಕ್ಕಿಡದೆ ಓದುವಂತೆ ಮಾಡಲು ಏನಾದರೊಂದು ಬೇಕು. ಶಿವರಾತ್ರಿಯ ಆವನಿ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನೋಡಿರಿ. ಮೈಬಣ್ಣವೂ ಸುಳಿಯೂ ಅವನನ್ನು ಗೂಟದ ಬಳಿಗೆ ಕರೆತರುತ್ತವೆ. ಆಮೇಲೆ ಅವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಬೆಲೆ ಕಟ್ಟುವುದು ಅದಾದ ಮೇಲೆ. ಪ್ರಮಾಣಪತ್ರ ಮಾಡುವುದು ಸುಳಿಯ ಕೆಲಸ.

ಆದುದರಿಂದ ಎಂಥ ಪರೀಕ್ಷೆ ಎಂಬುದು ಮುಖ್ಯ. ಟೈಪಿಂಗ್ ಪರೀಕ್ಷೆಯಲ್ಲಿ ಯಂತ್ರದ ಮುಂದೆ ಕೂತು ಹೊಡೆದೇ ತೋರಿಸಬೇಕು. ರೆಡ್ ಹ್ಯಾಟ್ ಸಂಸ್ಥೆಯ ಲಿನಕ್ಸ್ ಪರೀಕ್ಷೆಯೂ ಹಾಗೆಯೇ, ಕಂಪ್ಯೂಟರಿನಲ್ಲಿ ಕೆಲಸ ಮಾಡಿ ತೋರಿಸುವಂಥದು. ಆದರೆ ಅನೇಕ ಪರೀಕ್ಷೆಗಳು ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ಬಗೆಯವು. ಹಳೆಯ ಪ್ರಶ್ನೆಗಳನ್ನು ಉರುಹೊಡೆದು ಪಾಸಾದವನು ಸಂದರ್ಶನದಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆಯಲಾರದೆ ತಡವರಿಸಿದರೆ, ಆ ಕಾಗದವೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ.

ಇವುಗಳ ಆಯುಸ್ಸೂ ಅಲ್ಪ. ಬಿ.ಎ. ಪದವಿಗೆ ಅವಧಿಯಿಲ್ಲ; ಅಮೆಜಾನ್‌ನ ಕ್ಲೌಡ್ ಪ್ರಮಾಣಪತ್ರಕ್ಕೆ ೩ ವರ್ಷ. ಮೈಕ್ರೋಸಾಫ್ಟ್ ಸಂಸ್ಥೆಯಂತೂ ಒಂದು ಕಾಲಕ್ಕೆ ಬಹಳ ಹೆಸರಿದ್ದ ಎಂ.ಸಿ.ಎಸ್.ಡಿ., ಎಂ.ಸಿ.ಎಸ್.ಇ.ಗಳನ್ನು ೨೦೨೧ರ ಜನವರಿಯಲ್ಲಿ ನಿಲ್ಲಿಸಿಯೇ ಬಿಟ್ಟಿತು. ಸಾಲ ಮಾಡಿ ಪಡೆದ ಕಾಗದ ಸಾಲ ತೀರುವ ಮೊದಲೇ ಹಳತಾಗುವ ಸಂಭವವುಂಟು.

ಖರ್ಚಿಲ್ಲದ ದಾರಿಯೂ ಇಲ್ಲದಿಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ೨೦೦೩ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ಪಾಠಗಳಿಗೆ ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದು ನಮಗೆ ತೊಡಕೇ ಸರಿ. ಆದರೆ ಒಂದನ್ನು ಎಷ್ಟು ಸಲ ಬೇಕಾದರೂ ತಿರುಗಿ ಕೇಳಬಹುದು. ಕಲಿತವನು ಊರಿನ ಡೈರಿಯ ಲೆಕ್ಕಕ್ಕೋ ಗ್ರಂಥಾಲಯದ ಪುಸ್ತಕಪಟ್ಟಿಗೋ ಸಣ್ಣದೊಂದು ಪ್ರೋಗ್ರಾಂ ರಚಿಸಿ ನಡೆಸಿ ನೋಡಲಿ. ಅದು ನಡೆದರೆ ಪರೀಕ್ಷಾ ಶುಲ್ಕ ಕಟ್ಟಲಿ. ಇದಕ್ಕಾಗಿ ಮಾನ್ಯ ಪ್ರಾಂಶುಪಾಲರು ಕಂಪ್ಯೂಟರ್ ಕೊಠಡಿಯನ್ನು ತರಗತಿಗಳು ಮುಗಿದ ಮೇಲೂ, ಹಳ್ಳಿಯ ಬಸ್ಸು ಹೊರಡುವವರೆಗಾದರೂ, ತೆರೆದಿಡಿಸಿದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ನಮ್ಮಂಥವರಿಗೆ ದೊಡ್ಡ ಉಪಕಾರವಾದೀತು.