ಹಾಲು ಕರೆಯುವವಳೂ ಸಮಾವೇಶಕ್ಕೆ ಹೋಗಲಿ

'ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ' ಎಂಬ ಹಿರಿಯರ ಮಾತನ್ನು ಕೇಳದ ಮನೆಯಿಲ್ಲ. ನಮ್ಮ ಹಳ್ಳಿಗಳ ಸಹಕಾರ ಸಂಘಗಳು ಈ ಮಾತಿನ ತಳಹದಿಯ ಮೇಲೆಯೇ ನಿಂತಿವೆ. ಆದರೆ ಹನಿಗಳು ಕೂಡಿ ಹಳ್ಳವಾದಂತೆ, ಹಳ್ಳಗಳೂ ಕೂಡಿ ಹೊಳೆಯಾಗಬೇಕೆಂಬುದನ್ನು ನಾವು ಅಷ್ಟಾಗಿ ಚಿಂತಿಸುವುದಿಲ್ಲ. ಒಂದೂರಿನ ಸಂಘವು ಮತ್ತೊಂದೂರಿನ ಸಂಘವನ್ನು ಕಂಡು ಮಾತನಾಡುವ ಸಮಾವೇಶಗಳ ವಿಷಯವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅಂದಿನಿಂದ ಸಹಕಾರವು ಕನ್ನಡ ನಾಡಿನಲ್ಲಿ ಬೇರೂರಿ ಬೆಳೆದಿದೆ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹವು ನಡೆಯುತ್ತದೆ. 2024ರ ನವೆಂಬರಿನಲ್ಲಿ ದೆಹಲಿಯಲ್ಲಿ ಜಗತ್ತಿನ ಸಹಕಾರಿಗಳ ಸಮ್ಮೇಳನವೇ ನಡೆಯಿತು. 2025ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತು. ಹೀಗಿರಲಾಗಿ, ಸಮಾವೇಶಗಳಿಗೆ ಕೊರತೆಯಿಲ್ಲವೆಂದೇ ಹೇಳಬಹುದು. ಅವುಗಳ ಫಲವು ಯಾರ ಅಂಗಳವನ್ನು ಮುಟ್ಟುತ್ತದೆಂಬುದೇ ನಮ್ಮ ಪ್ರಶ್ನೆ.

ಬಂಡೀಪುರದ ಕಾಡಂಚಿನ ಗುಂಡ್ಲುಪೇಟೆಯ ಸೀಮೆಯನ್ನೇ ನೋಡೋಣ. ಅಲ್ಲಿಯ ಹೆಣ್ಣುಮಗಳೊಬ್ಬಳು ಬೆಳಗಿನ ಜಾವದಲ್ಲಿ ಕರೆದ ಹಾಲನ್ನು ಊರಿನ ಡೈರಿಗೆ ಹಾಕುತ್ತಾಳೆ. ಅದರ ಜಿಡ್ಡನ್ನು ಅಳೆದು ಬೆಲೆಕಟ್ಟುತ್ತಾರೆ. ಊರಿನ ಸಂಘದ ಮೇಲೆ ಜಿಲ್ಲೆಯ ಒಕ್ಕೂಟ, ಅದರ ಮೇಲೆ 'ನಂದಿನಿ'ಯ ರಾಜ್ಯ ಮಹಾಮಂಡಲ; ಹೀಗೆ ಕೊಂಡಿಗೆ ಕೊಂಡಿ ಸೇರಿದೆ. ಆದಕಾರಣ ಹಾಲಿಗೆ ಸಿಗುವ ದರವು ಆಕೆಗೆ ಮೊದಲೇ ತಿಳಿದಿರುತ್ತದೆ. ಅದೇ ಮನೆಯ ಹೊಲದಲ್ಲಿ ಬೆಳೆದ ತರಕಾರಿಯು ತೆರಕಣಾಂಬಿಯ ಮಾರುಕಟ್ಟೆಗೆ ಹೋದರೆ, ಕೇರಳದ ಕಡೆಯ ಬೇಡಿಕೆ ಆ ದಿನ ಹೇಗಿದೆಯೋ ಹಾಗೆ ಬೆಲೆ. ಒಂದೇ ಮನೆ, ಒಂದೇ ದುಡಿಮೆ. ಆದರೆ ಒಂದರ ಬೆನ್ನಿಗೆ ಸಂಘಗಳ ಸರಪಳಿಯುಂಟು, ಮತ್ತೊಂದು ಒಂಟಿ. ಸಂಘಗಳು ಪರಸ್ಪರ ಕೂಡುವುದರ ಲಾಭವನ್ನು ತಿಳಿಯಲು ಇದಕ್ಕಿಂತ ಹೆಚ್ಚಿನ ಪಾಠ ಬೇಕಿಲ್ಲ.

ಇನ್ನೊಂದು ದೃಷ್ಟಾಂತ. ಲಂಟಾನ ಎಂಬ ಪರದೇಶದ ಪೊದೆ ಬಂಡೀಪುರದ ಕಾಡನ್ನು ವ್ಯಾಪಿಸಿ, ಹುಲ್ಲು ಬೆಳೆಯದಂತೆ ಮಾಡಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದಲೇ ಕುರ್ಚಿ, ಮೇಜುಗಳನ್ನು ಮಾಡುವುದನ್ನು ಕಲಿತರು. ಬಂಡೀಪುರದಾಚೆ ಗೂಡಲೂರಿನ ಕಡೆಯ ಆದಿವಾಸಿ ಕುಶಲಕರ್ಮಿಗಳು ಅದರಿಂದ ಆಳೆತ್ತರಕ್ಕೂ ಮಿಗಿಲಾದ ಆನೆಗಳನ್ನು ಕಟ್ಟಿದರು. ಅಂಥ 100 ಆನೆಗಳು 2024ರಲ್ಲಿ ಅಮೆರಿಕಕ್ಕೆ ಪ್ರದರ್ಶನಕ್ಕೆ ಹೋದವು. ಕಾಡಿಗೆ ಶಾಪವಾದ ಗಿಡವು ಕೈಗೆ ಕೆಲಸವಾಯಿತು. ಇಂತಹ ವಿದ್ಯೆಯು ಒಂದು ಬೆಟ್ಟದಿಂದ ಮತ್ತೊಂದು ಬೆಟ್ಟಕ್ಕೆ ಭಾಷಣದಿಂದ ಹರಿಯುವುದಿಲ್ಲ. ಕಡ್ಡಿಯನ್ನು ಬೇಯಿಸಿ ಬಗ್ಗಿಸುವ ಕೈಯನ್ನು ಮತ್ತೊಂದು ಕೈ ಹತ್ತಿರದಲ್ಲಿ ಕುಳಿತು ನೋಡಬೇಕು. ಸಮಾವೇಶದ ನಿಜವಾದ ಪ್ರಯೋಜನ ಇದು.

ಆದರೆ ಸಾಮಾನ್ಯವಾಗಿ ಸಮಾವೇಶಕ್ಕೆ ಹೋಗುವವರು ಯಾರು? ಹಾರ, ಶಾಲು, ವೇದಿಕೆಗಳಿಗೆ ಒಗ್ಗಿದವರು. ಹಸುವಿನ ಕೆಚ್ಚಲಿನ ಬೇನೆಯನ್ನು ಬಲ್ಲವಳು, ಕ್ಯಾನಿನ ಲೆಕ್ಕವನ್ನು ಬರೆಯುವವಳು ಮನೆಯಲ್ಲಿಯೇ ಉಳಿಯುತ್ತಾಳೆ. ಎಷ್ಟೋ ಮನೆಗಳಲ್ಲಿ ಹಾಲು ಕರೆಯುವವಳು ಮಡದಿ, ಸಂಘದ ಪುಸ್ತಕದಲ್ಲಿರುವ ಹೆಸರು ಗಂಡನದು. ಕೇಳಬೇಕಾದ ಪ್ರಶ್ನೆಯು ಕೊಟ್ಟಿಗೆಯಲ್ಲಿ ಉಳಿದರೆ, ಸಭೆಯಲ್ಲಿ ದೊರೆತ ಉತ್ತರದಿಂದ ಏನು ಫಲ?

ಆಕೆಯನ್ನು ಕರೆದರೂ ಬರಲೊಲ್ಲಳೆಂದು ಸಂಘದವರು ದೂರುವುದುಂಟು. ಬರಲೊಲ್ಲಳೆಂಬುದು ಸರಿಯಲ್ಲ, ಬರಲಾರಳು. ಎರಡು ದಿನ ಆಕೆ ಮನೆಬಿಟ್ಟರೆ ಹಾಲು ಕರೆಯುವವರಾರು? ಸಗಣಿ ಬಾಚುವವರಾರು? ಅತ್ತೆಗೆ ಮುದ್ದೆ ಮಾಡಿಡುವವರಾರು? ಇದಕ್ಕೆ ಉತ್ತರವು ದೆಹಲಿಯಲ್ಲಿಲ್ಲ. ಅವರವರ ಮನೆಯಲ್ಲಿಯೇ ಇದೆ. ಆದ್ದರಿಂದಲೇ ಈ ವಿಷಯವನ್ನು ಗೃಹಸ್ಥರು ಓದುವ ಈ ಪುಟದಲ್ಲಿ ಎತ್ತಿದ್ದೇವೆ. ಯಜಮಾನರು ಎರಡು ದಿನ ತಂಬಿಗೆ ಹಿಡಿದು ಕೊಟ್ಟಿಗೆಗೆ ಇಳಿದರೆ ಅವರ ಮರ್ಯಾದೆಗೇನೂ ಕುಂದಿಲ್ಲ. ಹಸುವು ಒದ್ದೀತೆಂಬ ಭಯವಿದ್ದರೆ, ಒಂದು ವಾರ ಮೊದಲೇ ಅದರೊಡನೆ ಸ್ನೇಹ ಬೆಳೆಸಿಕೊಳ್ಳಲಿ.

ಸಮಾವೇಶವನ್ನು ನಡೆಸುವವರಿಗೂ ಒಂದು ಬಿನ್ನಹ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿದೆ. ಕಾಡಂಚಿನ ಊರುಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯ ಬೇರೆ. ಗುಂಡ್ಲುಪೇಟೆಯಲ್ಲಿ ಸಭೆ ಸೇರಿಸಿದರೆ ಮಧ್ಯಾಹ್ನ 3 ಗಂಟೆಗೆ ಮುಗಿಸಿರಿ. ಭಾಷಣಗಳನ್ನು ಕಡಮೆ ಮಾಡಿ, ಬಂದವರು ಒಬ್ಬರ ಲೆಕ್ಕದ ಪುಸ್ತಕವನ್ನು ಮತ್ತೊಬ್ಬರು ನೋಡಿಕೊಳ್ಳಲು ಸಮಯ ಕೊಡಿರಿ. ಕೈಗೂಸಿನ ತಾಯಂದಿರಿಗೆ ಒಂದು ಕೋಣೆಯನ್ನು ಬಿಡಿರಿ.

ಹೋಗಿಬಂದ ಸೋದರಿಯರಿಗೆ ನಮ್ಮ ಸಲಹೆ ಇಷ್ಟೇ: ಹೋಗುವಾಗ ಊರಿನವರಿಂದ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ, ಬಂದ ಮೇಲೆ ಸಂಘದ ಸಭೆಯಲ್ಲಿ ಎದ್ದುನಿಂತು ಉತ್ತರಗಳನ್ನು ಓದಿರಿ. ಧ್ವನಿ ನಡುಗಿದರೂ ಚಿಂತೆಯಿಲ್ಲ. ಮುಂದಿನ ಸಲ ಮತ್ತೊಬ್ಬಳನ್ನು ಕಳುಹಿಸಿ, ಆಕೆಯ ಹಸುವನ್ನು ನೀವು ಕರೆಯಿರಿ. ಸಹಕಾರವೆಂಬುದು ಅಲ್ಲಿಂದಲೇ ಮೊದಲಾಗುವುದು.