ಸಿಡಿಲಿಗೆ ಜಿಲ್ಲೆ ಗೊತ್ತಿಲ್ಲ, ಹೊಲ ಗೊತ್ತು



"ಮುಂದಿನ ಮೂರು ಗಂಟೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಅಲ್ಲಲ್ಲಿ ಗುಡುಗು, ಮಿಂಚು, ಬಿರುಗಾಳಿ ಸಹಿತ ಮಳೆ." ಏಪ್ರಿಲ್, ಮೇ ಬಂದರೆ ಈ ಥರದ ಮೆಸೇಜು ನಿಮಗೂ ಬರುತ್ತೆ, ನನಗೂ ಬರುತ್ತೆ. ಓದಿ ಆಕಾಶ ನೋಡ್ತೀವಿ. ಬಿಸಿಲು ಸುಡ್ತಾ ಇರುತ್ತೆ. ಫೋನು ಜೇಬಿಗೆ ಹಾಕ್ಕೊಂಡು ಹೊಲಕ್ಕೆ ಹೋಗ್ತೀವಿ. ಸಂಜೆ ಟೀ ಅಂಗಡೀಲಿ ಕೂತು "ಹವಾಮಾನದೋರು ಬರೀ ಸುಳ್ಳು ಹೇಳ್ತಾರೆ" ಅಂತ ನಗ್ತೀವಿ.

ನಾನು ಈ ಮಾತು ಒಪ್ಪಲ್ಲ. ಅವರು ಹೇಳಿದ್ದು ಸುಳ್ಳಲ್ಲ, ವಿಳಾಸ ಬರೆಯದ ಕಾಗದ ಅಷ್ಟೆ. ಹೊಳಲ್ಕೆರೆಯಿಂದ ಮೊಳಕಾಲ್ಮೂರಿಗೆ ನೇರ ಗೆರೆ ಎಳೆದರೂ ನೂರು ಕಿ.ಮೀ. ಹತ್ತಿರ ಐತೆ. ಒಂದು ಗುಡುಗಿನ ಮೋಡದ ಅಗಲ ಹತ್ತು ಹದಿನೈದು ಕಿ.ಮೀ., ಅದರ ಆಯಸ್ಸು ಹೆಚ್ಚೂಕಡಿಮೆ ಒಂದು ಗಂಟೆ. ಹೊಸದುರ್ಗದ ಕಡೆ ಆನೆಕಲ್ಲು ಬಿದ್ದರೆ ಮೆಸೇಜು ನಿಜವೇ ಆಯ್ತು. ನಮಗೆ ಹನಿ ಬೀಳಲಿಲ್ಲ ಅಂತ ಸುಳ್ಳು ಅಂದ್ವಿ. ಹಂಗೆ ಹತ್ತು ಸಲ ಆದ ಮೇಲೆ ಹನ್ನೊಂದನೇ ಸಲ ಯಾರು ನಂಬ್ತಾರೆ? ನನಗೆ ಸಿಟ್ಟು ಇರೋದು ಇಲ್ಲೇ.

ಹಿಂದಿನ ದಿನವೇ "ನಾಳೆ ನಾಲ್ಕು ಗಂಟೆಗೆ ತಳಕಿನಲ್ಲಿ ಸಿಡಿಲು" ಅಂತ ಯಾರೂ ಹೇಳಕ್ಕಾಗಲ್ಲ, ಅದು ನನಗೂ ಗೊತ್ತು. ಅಮೆರಿಕದ ಓಕ್ಲಹೋಮಾದ ನಾರ್ಮನ್ ಊರಲ್ಲಿ ಬಿರುಗಾಳಿ, ಆಲಿಕಲ್ಲು ಮುನ್ಸೂಚನೆಗೇ ಒಂದು ಕೇಂದ್ರ ಐತೆ. ಇಡೀ ದೇಶದ ನಕ್ಷೆ ಮುಂದಿಟ್ಟುಕೊಂಡು ಅವರೂ ನೂರಕ್ಕೆ ಇಷ್ಟು ಸಾಧ್ಯತೆ ಅಂತಲೇ ಹೇಳೋದು. ಆದರೆ ಮೋಡ ಕಟ್ಟಿದ ಮೇಲೆ ಕಥೆ ಬೇರೆ. ಅದು ಎತ್ತ ಹೋಗ್ತಾ ಐತೆ ಅಂತ ರೇಡಾರಿನಲ್ಲಿ ಕಾಣುತ್ತೆ. ಅಲ್ಲೂ ಮೊದಲು ಇಡೀ ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ, ಒಂದೇ ಎಚ್ಚರಿಕೆ ಕೊಡ್ತಿದ್ರು. 2007ರಿಂದ ಮೋಡ ಹೋಗೋ ದಾರಿಗೆ ಮಾತ್ರ ಗೆರೆ ಹಾಕಿ ಕೊಡ್ತಾರೆ.

ಅಮೆರಿಕ ಬಿಡಿ, ದೂರ. ಮೊಳಕಾಲ್ಮೂರು ದಾಟಿದರೆ ರಾಯದುರ್ಗ. ಆಂಧ್ರದ ವಿಪತ್ತು ನಿರ್ವಹಣಾ ಸಂಸ್ಥೆ ಮಂಡಲದ ಹೆಸರು ಹಿಡಿದು ಸಿಡಿಲಿನ ಎಚ್ಚರಿಕೆ ಕೊಡುತ್ತೆ. ಗಡಿ ಕಲ್ಲಿನ ಆ ಕಡೆಯೋನಿಗೆ ಮಂಡಲದ ಹೆಸರು, ಈ ಕಡೆಯೋನಿಗೆ "ಜಿಲ್ಲೆಯ ಅಲ್ಲಲ್ಲಿ".

ನಮ್ಮಲ್ಲಿ ಸಾಧನ ಇಲ್ಲ ಅನ್ನಂಗಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದೋರು ಪಂಚಾಯಿತಿಗೊಂದು ಮಳೆಮಾಪಕ ಇಟ್ಟವ್ರೆ. ಬಿದ್ದ ಮಳೆ ಲೆಕ್ಕ ಹಾಕೋಕೆ ಪಂಚಾಯಿತಿ ಮಟ್ಟ, ಬೀಳೋ ಸಿಡಿಲು ಹೇಳೋಕೆ ಜಿಲ್ಲಾ ಮಟ್ಟ. ಇದು ಯಾವ ನ್ಯಾಯ?

ರೇಡಾರಿನದು ಇನ್ನೊಂದು ಕಥೆ. ಗೋವಾ, ಹೈದರಾಬಾದ್, ಚೆನ್ನೈ ರೇಡಾರುಗಳು ಚಳ್ಳಕೆರೆಗೆ 300 ಕಿ.ಮೀ.ಗಿಂತ ದೂರ. ಭೂಮಿ ಗುಂಡಗೆ ಇರೋದರಿಂದ ರೇಡಾರಿನ ಕಿರಣ ದೂರ ಹೋದಷ್ಟೂ ನೆಲ ಬಿಟ್ಟು ಮೇಲೇರುತ್ತೆ. 300 ಕಿ.ಮೀ.ಗೆ ಬರೋ ಹೊತ್ತಿಗೆ ಸುಮಾರು 8 ಕಿ.ಮೀ. ಎತ್ತರದಲ್ಲಿರುತ್ತೆ. ಮೋಡದ ನೆತ್ತಿ ಸಿಕ್ಕರೆ ಸಿಕ್ಕೀತು, ಬುಡದಾಗಿನ ಗಾಳಿ ಕಾಣಲ್ಲ. ಕುದಾಪುರ, ಉಳ್ಳಾರ್ತಿ ಕಡೆ ನಮ್ಮ ದನ ಕುರಿ ಮೇಯ್ತಿದ್ದ ಅಮೃತಮಹಲ್ ಕಾವಲು ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿಗೆ ಹೋಯ್ತು. ದೇಶದ ಕೆಲಸ, ಆಗಲಿ. ಅದೇ ಕಾಂಪೌಂಡಿನ ಒಳಗೆ ಒಂದು ಎಕರೆಯಾಗೆ ಹವಾಮಾನದ ರೇಡಾರ್ ನಿಲ್ಲಿಸಿ ಅಂತ ಕೇಳೋ ಹಕ್ಕು ನಮಗೆ ಇಲ್ವಾ?

ಆ್ಯಪ್ ಐತಲ್ಲ ಅಂತಾರೆ. ಐತೆ. ರಾಜ್ಯದ್ದು "ಸಿಡಿಲು", ಪುಣೆ ಸಂಸ್ಥೆಯದು "ದಾಮಿನಿ". ಸುತ್ತ 20ರಿಂದ 40 ಕಿ.ಮೀ. ಒಳಗೆ ಮಿಂಚಿದ್ದನ್ನ ದಾಮಿನಿ ತೋರಿಸುತ್ತೆ. ಒಳ್ಳೇದೇ, ಹಾಕ್ಕೊಳ್ಳಿ, ನಾನೂ ಹಾಕ್ಕೊಂಡಿದೀನಿ. ಆದರೆ ಕುರಿ ಹಿಂದೆ ಹೋಗಿರೋ ಅಜ್ಜನ ಕೈಲಿ ಇರೋದು ಗುಂಡಿ ಒತ್ತೋ ಫೋನು, ಗುಡ್ಡದ ಮರೆಗೆ ಹೋದರೆ ಅದಕ್ಕೂ ಟವರ್ ಸಿಗಲ್ಲ. ಕಳೆ ತೆಗೆಯೋ ಹೆಣ್ಣುಮಕ್ಕಳು ಫೋನು ಮನೇಲಿ ಬಿಟ್ಟು ಬಂದಿರ್ತಾರೆ. 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತೋರು 2,887 ಜನ, ಇದು ಸರ್ಕಾರದ್ದೇ ಲೆಕ್ಕ. ಸತ್ತ ಮೇಲೆ ಪರಿಹಾರದ ಚೆಕ್ಕು ಹಿಡಿದು ಫೋಟೋ ತೆಗೆಸೋಕೆ ಎಲ್ರೂ ಬರ್ತಾರೆ.

ಪಂಚಾಯಿತಿ ಕಸದ ಗಾಡಿಗೆ ಮೈಕು ಐತೆ, ಬೆಳಗ್ಗೆ ಎದ್ದರೆ ಹಾಡು ಹಾಕ್ಕೊಂಡು ಓಣಿ ಓಣಿ ತಿರುಗುತ್ತೆ. ಗುಡಿಗಳಲ್ಲೂ ಮೈಕು ಅವೆ. ಮೂರು ಗಂಟೆಗೆ ಮೋಡ ಕಟ್ಟಿದಾಗ ಅದೇ ಮೈಕಿನಲ್ಲಿ "ಮೋಡ ಈ ಕಡೆ ಬರ್ತಾ ಐತೆ, ಹೊಲದಿಂದ ಬನ್ನಿ" ಅನ್ನೋಕೆ ಎಷ್ಟು ಖರ್ಚು? ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲೂ ಒಂದು ಸಲ ಹೇಳಲಿ.

ಮುಂದಿನ ಗ್ರಾಮಸಭೇಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಬರೆಸಿ: ಎಚ್ಚರಿಕೆ ಹೋಬಳಿ ಹೆಸರು ಹಿಡಿದು ಬರಬೇಕು, ಬಂದದ್ದು ಮೈಕಿನಲ್ಲಿ ಹೋಗಬೇಕು. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನ ಓದಿ ನೋಡಿಯೇ ಸಹಿ ಹಾಕಿ.

ಅಲ್ಲಿವರೆಗೆ ಲೆಕ್ಕ ನಿಮ್ಮ ಕೈಲೇ ಐತೆ. ಮಿಂಚಿದ ಮೇಲೆ ಗುಡುಗು ಕೇಳೋ ತನಕ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತರ ಒಳಗೆ ಕೇಳಿದರೆ ಕೆಲಸ ಬಿಟ್ಟು ಆರ್‌ಸಿಸಿ ಮನೆಗೋ, ಗಾಜು ಮುಚ್ಚಿದ ಕಾರಿಗೋ ಹೋಗಿ. ಹುಣಸೆಮರದ ಕೆಳಗೆ ನಿಲ್ಲಬೇಡಿ, ಕುರೀನೂ ಗುಂಪಾಗಿ ನಿಲ್ಲಿಸಬೇಡಿ. ಮರಕ್ಕೆ ಬಡಿದ ಸಿಡಿಲು ನೆಲದಾಗೆ ಹರಿದು ಅವುಗಳ ಕಾಲಿಗೆ ಹತ್ತುತ್ತೆ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ಹೊಲಕ್ಕೆ ವಾಪಸ್ ಹೋಗಬೇಡಿ.