ಪರದೇಶದಲ್ಲಿ ಫೋನು: ಖರ್ಚು ಇಳಿಯಲಿ, ನಂಟು ಉಳಿಯಲಿ



ನಮ್ಮ ಪಟಾನ್‌ಚೆರುವಿಗೆ ಪರದೇಶದ ನಂಟು ಹೊಸದೇನಲ್ಲ. 1972ರಲ್ಲಿ ಇಕ್ರಿಸ್ಯಾಟ್ ಇಲ್ಲಿ ಬೇರೂರಿತು. ಬೀದರ್, ಕಲಬುರಗಿ ಕಡೆಯ ಹೊಲಗಳಲ್ಲಿ ಬೆಳೆಯುವ ಜೋಳ, ತೊಗರಿ, ಕಡಲೆಗಳ ಮೇಲೆಯೇ ಸಂಶೋಧನೆ ನಡೆಸುವ ಆ ಸಂಸ್ಥೆಗೆ ಕೆನ್ಯಾ, ನೈಜರ್ ಮುಂತಾದ ದೇಶಗಳಲ್ಲೂ ಕೇಂದ್ರಗಳಿವೆ. ಈಗ ಓದಿಗೋ ಕೆಲಸಕ್ಕೋ ಹೊರಡುವ ಸರದಿ ನಿಮ್ಮದು. ವೀಸಾ, ಟಿಕೆಟ್ಟು, ಚಟ್ನಿಪುಡಿ ಎಲ್ಲದರ ಚಿಂತೆ ಮನೆಮಂದಿ ಮಾಡುತ್ತಾರೆ. ಕೈಯಲ್ಲಿರುವ ಫೋನಿನ ಚಿಂತೆ ಮಾತ್ರ ಮೊದಲ ಬಿಲ್ಲು ಬಂದ ಮೇಲೆ ಶುರುವಾಗುತ್ತದೆ. ಆದ್ದರಿಂದ ಈ ಸಲದ ಅಂಕಣ ಅದಕ್ಕೇ ಮೀಸಲು.

ನಿಮ್ಮ ತಂದೆತಾಯಿಯರಿಗೆ ದುಬಾರಿ ಮಾತಿನ ಅನುಭವ ಚೆನ್ನಾಗಿಯೇ ಇದೆ. ರಾತ್ರಿ ಹನ್ನೊಂದರ ನಂತರ ಕಾಲು ದರ ಎಂದು ಎಸ್.ಟಿ.ಡಿ. ಬೂತಿನ ಮುಂದೆ ಕಾದು ನಿಂತ ಪೀಳಿಗೆ ಅದು. ಮೊಬೈಲು ಬಂದ ಮೇಲೂ ತೊಂದರೆ ತಪ್ಪಲಿಲ್ಲ. ಸದಾಶಿವಪೇಟೆ, ಜಹೀರಾಬಾದ್ ದಾಟಿ ಬೀದರಿನ ಗಡಿ ಮುಟ್ಟಿದರೆ ಫೋನು ‘ರೋಮಿಂಗ್’ ಎಂದು ತೋರಿಸುತ್ತಿತ್ತು. ಆಂಧ್ರಪ್ರದೇಶ ಒಂದು ದೂರವಾಣಿ ವಲಯ, ಕರ್ನಾಟಕ ಇನ್ನೊಂದು. ಅಜ್ಜನ ಮನೆಯ ಅಂಗಳದಲ್ಲಿ ಕೂತು ಬಂದ ಕರೆಯನ್ನು ತೆಗೆದುಕೊಂಡರೂ ದುಡ್ಡು ಕಟ್ಟಬೇಕಾಗಿತ್ತು. ಕಂಪನಿಗಳು ದೇಶದೊಳಗಿನ ಆ ಶುಲ್ಕವನ್ನು ಕೈಬಿಟ್ಟದ್ದು 2016-17ರ ಸುಮಾರಿಗೆ. ದೇಶದ ಗಡಿ ದಾಟಿದರೆ ಮಾತ್ರ ಆ ಹಳೆಯ ಕಥೆ ಇಂದಿಗೂ ನಡೆದಿದೆ.

ಅದು ನಡೆಯುವ ಬಗೆ ತಿಳಿದರೆ ಅರ್ಧ ಖರ್ಚು ಉಳಿದಂತೆ. ರೋಮಿಂಗ್ ಎಂದರೆ ಪರ ಊರಿನ ಅಂಗಡಿಯಲ್ಲಿ ನಮ್ಮೂರಿನ ಸಾಹುಕಾರರ ಹೆಸರು ಹೇಳಿ ಉದ್ದರಿ ತಂದಂತೆ. ನೀವು ನೈರೋಬಿಯಲ್ಲಿ ಇಳಿದಾಗ ಅಲ್ಲಿಯ ಗೋಪುರವು ಭಾರತದಲ್ಲಿರುವ ನಿಮ್ಮ ಕಂಪನಿಯನ್ನು ‘ಈ ಗಿರಾಕಿ ನಿಮ್ಮವರೇನು?’ ಎಂದು ವಿಚಾರಿಸುತ್ತದೆ. ಹೌದೆಂದರೆ ಸೇವೆ ಕೊಟ್ಟು ಲೆಕ್ಕ ಬರೆದುಕೊಳ್ಳುತ್ತದೆ. ಆ ಲೆಕ್ಕದ ಮೇಲೆ ನಿಮ್ಮ ಕಂಪನಿಯೂ ತನ್ನ ಪಾಲು ಸೇರಿಸುತ್ತದೆ. ಊರಿನಿಂದ ನಿಮ್ಮ ಹಳೆಯ ನಂಬರಿಗೆ ಕರೆ ಬಂದರೆ, ಭಾರತದವರೆಗಿನ ಖರ್ಚು ಕರೆ ಮಾಡಿದವರದು. ಅಲ್ಲಿಂದ ನೀವಿರುವ ದೇಶಕ್ಕೆ ಸಾಗಿಸಿದ ಖರ್ಚು ನಿಮ್ಮದು.

ಮಾತಿಗಿಂತ ಹೆಚ್ಚು ಸುಡುವುದು ಇಂಟರ್ನೆಟ್ಟು. ಪ್ಯಾಕ್ ಹಾಕಿಸದೆ ಹೋದವರಿಗೆ ಒಂದು ಎಂ.ಬಿ.ಗೆ ಹತ್ತು ರೂಪಾಯಿ ಬೀಳುತ್ತದೆಂದು ಲೆಕ್ಕಕ್ಕಾಗಿ ಹಿಡಿಯೋಣ. ಸಾಧಾರಣ ಗುಣಮಟ್ಟದ ಸಿನಿಮಾ ಒಂದು ಗಂಟೆ ನೋಡಿದರೆ ಸುಮಾರು 700 ಎಂ.ಬಿ., ಅಂದರೆ ಏಳು ಸಾವಿರ ರೂಪಾಯಿ! ನೀವು ಏನೂ ನೋಡದಿದ್ದರೂ ಫೋನು ತಾನಾಗಿಯೇ ಫೋಟೋಗಳನ್ನು ಮೇಲಕ್ಕೆ ಕಳಿಸುತ್ತದೆ, ಆ್ಯಪ್‌ಗಳನ್ನು ಹೊಸದು ಮಾಡಿಕೊಳ್ಳುತ್ತದೆ. ಪ್ರೀಪೇಯ್ಡ್ ಆದರೆ ಹಣ ಮುಗಿದಾಗ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್ ಬಿಲ್ಲು ಬೆಳೆಯುತ್ತಲೇ ಹೋಗಬಹುದು.

ಹಾಗಾದರೆ ಮಾಡಬೇಕಾದದ್ದೇನು? ಎಷ್ಟು ದಿನದ ಪ್ರಯಾಣ ಎಂಬುದನ್ನು ಮೊದಲು ನೋಡಿ.

ನಾಲ್ಕೈದು ದಿನದ ಪ್ರಯಾಣವಾದರೆ ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕೇ ಸಾಕು. ಆದರೆ ನೀವು ಹೋಗುವ ದೇಶದ ಹೆಸರು ಅದರ ಪಟ್ಟಿಯಲ್ಲಿದೆಯೇ ಎಂದು ನೋಡಿ, ಹೊರಡುವ ಮೊದಲೇ ಹಾಕಿಸಿಕೊಳ್ಳಿ. ವಿಮಾನ, ಹಡಗುಗಳಲ್ಲಿ ಸಿಗುವ ಉಪಗ್ರಹ ಜಾಲದ ದರವೇ ಬೇರೆ. ಇಳಿಯುವವರೆಗೆ ಫ್ಲೈಟ್ ಮೋಡ್ ಇರಲಿ.

ಎರಡು ಮೂರು ವಾರ ಇರುವುದಾದರೆ ಅಲ್ಲಿಯ ಸಿಮ್ ಅಥವಾ ಇ-ಸಿಮ್ ಲೇಸು. ಇ-ಸಿಮ್ ಎಂದರೆ ಕಾರ್ಡಿಲ್ಲದ ಸಿಮ್. ಮನೆಯ ವೈ-ಫೈನಲ್ಲೇ ಹಾಕಿಕೊಂಡು ಹೊರಡಬಹುದು. ನಿಮ್ಮ ಫೋನಿಗೆ ಆ ಸೌಲಭ್ಯವಿದೆಯೇ, ಫೋನು ಒಂದೇ ಕಂಪನಿಗೆ ಬೀಗ ಹಾಕಿದ್ದಲ್ಲವೇ ಎಂದು ಮೊದಲು ತಿಳಿದುಕೊಳ್ಳಿ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಹಲವಕ್ಕೆ ಇಂಟರ್ನೆಟ್ ಮಾತ್ರ ಇರುತ್ತದೆ, ಕರೆಯ ನಂಬರು ಇರುವುದಿಲ್ಲ.

ಗಡಿಗಳ ನಿಯಮವೂ ಒಂದೇ ತೆರನಲ್ಲ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದಲ್ಲಿ ಜರ್ಮನಿಯ ಸಿಮ್ಮನ್ನು ಫ್ರಾನ್ಸಿನಲ್ಲಿ ಬಳಸಿದರೂ ಸಾಮಾನ್ಯವಾಗಿ ಮನೆಯ ದರವೇ. ಪಕ್ಕದ ಸ್ವಿಟ್ಜರ್ಲೆಂಡ್ ಆ ಕಟ್ಟಿನೊಳಗಿಲ್ಲ, ಬ್ರಿಟನ್ ಹೊರಗೆ ಬಂದಿದೆ. ಆಫ್ರಿಕಾದವರು ಇದನ್ನು ಇನ್ನೂ ಮೊದಲೇ ಮಾಡಿದ್ದರೆಂಬುದು ಹಲವರಿಗೆ ತಿಳಿಯದು. 2006ರಲ್ಲಿಯೇ ಸೆಲ್‌ಟೆಲ್ ಎಂಬ ಕಂಪನಿ ಕೆನ್ಯಾ, ಉಗಾಂಡಾ, ತಾಂಜಾನಿಯಾ ಮೂರಕ್ಕೂ ಸೇರಿ ಗಡಿಯಿಲ್ಲದ ಜಾಲ ತೆರೆದಿತ್ತು. ಆಗ ನಮಗಿನ್ನೂ ಬೀದರೇ ರೋಮಿಂಗ್! ಇನ್ನು ದುಬೈ ಕಡೆ ಹೋಗುವವರು ಗಮನಿಸಿ: ಅಲ್ಲಿ ವಾಟ್ಸಾಪ್ ಸಂದೇಶ ನಡೆಯುತ್ತದೆ, ವಾಟ್ಸಾಪ್ ಕರೆಗೆ ನಿರ್ಬಂಧವಿದೆ.

ಓದಿಗಾಗಿ ವರ್ಷಗಟ್ಟಲೆ ಹೋಗುವವರು ಅಲ್ಲಿಯ ನಂಬರು ತೆಗೆದುಕೊಳ್ಳಲೇಬೇಕು. ಆದರೆ ಊರಿನ ಸಿಮ್ಮನ್ನು ಡಬ್ಬಿಗೆ ಹಾಕಿ ಮರೆಯಬೇಡಿ. ಈ ಅಂಕಣದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಫೋನಿನ ಎರಡನೆಯ ಸಿಮ್ ಆಗಿ ಅದು ಉಳಿಯಲಿ. ಅದರ ‘ಡೇಟಾ ರೋಮಿಂಗ್’ ಮುಚ್ಚಿಡಿ. ಬ್ಯಾಂಕಿನ ಓ.ಟಿ.ಪಿ. ಬರುವುದು ಆ ನಂಬರಿಗೇ. ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ಹಣವಿಲ್ಲ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಕಂಪನಿ ನಂಬರನ್ನು ರದ್ದುಮಾಡಿ ಇನ್ನೊಬ್ಬರಿಗೆ ಕೊಡಬಹುದು. ಆದ್ದರಿಂದ ಅತಿ ಕಡಿಮೆಯ ರೀಚಾರ್ಜನ್ನಾದರೂ ತಪ್ಪಿಸಬೇಡಿ. ಹೊರಡುವ ಮೊದಲು ##002# ಒತ್ತಿ ಕಾಲ್ ಫಾರ್ವರ್ಡಿಂಗ್ ತೆಗೆದುಹಾಕಿ. ಇಲ್ಲದಿದ್ದರೆ ನೀವು ಎತ್ತದ ಕರೆಗೂ ದುಡ್ಡು ಬೀಳಬಹುದು. ಎಲ್ಲ ನಂಬರುಗಳ ಹಿಂದೆ +91 ಸೇರಿಸಿಡಿ.

ಓ.ಟಿ.ಪಿ.ಗಿಂತ ದೊಡ್ಡ ಕಾರಣ ಇನ್ನೊಂದಿದೆ. ಭಾಲ್ಕಿಯಲ್ಲೋ ಹುಮನಾಬಾದಿನಲ್ಲೋ ಇರುವ ಅಜ್ಜಿಗೆ ಬಾಯಿಪಾಠವಾಗಿರುವುದು ನಿಮ್ಮ ಆ ಒಂದು ನಂಬರು. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ವಾಟ್ಸಾಪ್ ಅವರಿಗೆ ದೂರ. ನಿಮ್ಮ ವಿದೇಶಿ ನಂಬರಿಗೆ ಅವರು ನೇರ ಕರೆ ಮಾಡಿದರೆ ಐ.ಎಸ್.ಡಿ. ದರ ಬಿದ್ದು ಇದ್ದಷ್ಟು ಹಣವೂ ಕರಗುತ್ತದೆ. ನೀವು ಉಳಿಸಿದ ದುಡ್ಡು ಅವರ ಲೆಕ್ಕದಲ್ಲಿ ಖರ್ಚಾಗಬಾರದು. ಅದಕ್ಕೆ ನಮ್ಮವರದೇ ಉಪಾಯವಿದೆ: ಮಿಸ್ಡ್ ಕಾಲ್. ‘ಅಜ್ಜಿ, ಹಳೆಯ ನಂಬರಿಗೆ ರಿಂಗ್ ಕೊಟ್ಟು ಇಟ್ಟುಬಿಡಿ, ನಾನೇ ಮಾಡ್ತೀನಿ’ ಎಂದು ಹೇಳಿ ಹೊರಡಿ. ರಿಂಗಾದಾಗ ಎತ್ತದೆ, ಅಲ್ಲಿಯ ಸಿಮ್ಮಿನ ಭಾರತದ ಪ್ಯಾಕಿನಿಂದ ಅಥವಾ ಕಡಿಮೆ ದರದ ಕರೆಯ ಆ್ಯಪ್‌ನಿಂದ ಅವರ ಫೋನಿಗೇ ತಿರುಗಿ ಮಾಡಿ. ಅಲ್ಲಿಯ ಮತ್ತು ಇಲ್ಲಿಯ ಗಂಟೆಯ ವ್ಯತ್ಯಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಗೋಡೆಯ ಕ್ಯಾಲೆಂಡರಿಗೆ ಅಂಟಿಸಿ. ಕನ್ನಡದಲ್ಲಿಯೇ ಬರೆಯಿರಿ, ನಿಮ್ಮ ಅಕ್ಷರಕ್ಕೂ ಅಭ್ಯಾಸವಾದೀತು!

ದುಡ್ಡು ಉಳಿಸುವುದು ಜಾಣತನ. ಆದರೆ ಉಳಿಸುವ ಭರದಲ್ಲಿ, ನಿಮ್ಮ ದನಿಗಾಗಿ ಕಾಯುವವರ ಕೈಗೆ ಸಿಗದಂತಾದರೆ ಆ ಉಳಿತಾಯಕ್ಕೆ ಬೆಲೆಯೇನು? ಹೋಗಿ ಬನ್ನಿ. ತಲುಪಿದ ಕೂಡಲೇ ಮನೆಗೊಂದು ಕರೆ ಮಾಡಿ.